ಅಂಡಮಾನ್‌ಗೆ ಹೊರಟವರ ಬ್ಯಾಗಿನಲ್ಲಿ ಏನಿರಬೇಕು?

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಬಂದ ಅಂಡಮಾನ್ ಲೇಖನ ಚೆನ್ನಾಗಿತ್ತು. ಆದರೆ ಸ್ಕೂಬಾ ಡೈವಿಂಗ್ ಮಾಡುವವರು ಸಲಕರಣೆ ಒಯ್ಯಬೇಕು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಯಾವ ಸಲಕರಣೆ ಅಂತ ಹೇಳಬೇಕಲ್ವಾ? ದಾವಣಗೆರೆಯಲ್ಲಿ ಭದ್ರಾ ಚಾನಲ್‌ನಲ್ಲಿ ಈಜು ಕಲಿತ ಹುಡುಗರಿಗೆ ಇದನ್ನೆಲ್ಲ ಕೇಳೋಕೆ ಒಂದು ಅಂಗಡಿಯೂ ಇಲ್ಲ. ಸುಮ್ನೆ ಆನ್‌ಲೈನ್‌ನಲ್ಲಿ ಇಡೀ ಸೆಟ್ ತರಿಸಿ ದುಡ್ಡು ಕಳೆದುಕೊಳ್ಳುತ್ತಾರೆ.

ಮೊದಲ ಸಲ ಹೋಗುವವರು ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್ ಒಂದು ಬಿಟ್ಟು ಬೇರೇನೂ ಕೊಳ್ಳಬೇಡಿ. ಸಿಲಿಂಡರ್, ಸೊಂಟಕ್ಕೆ ಕಟ್ಟುವ ಸೀಸದ ತೂಕ ಎಲ್ಲ ಅಲ್ಲೇ ಕೊಡುತ್ತಾರೆ, ಅವನ್ನು ಅನುಭವ ಇರುವವರೂ ಊರಿಂದ ಹೊರುವುದಿಲ್ಲ. ಗಾಳಿ ತುಂಬುವ ಜಾಕೆಟ್, ಸಿಲಿಂಡರಿನ ಗಾಳಿ ಉಸಿರಾಡುವ ರೆಗ್ಯುಲೇಟರ್, ಕಾಲಿಗೆ ಹಾಕುವ ಫಿನ್ಸ್, ಮೈಗೆ ಅಂಟುವ ರಬ್ಬರ್ ಸೂಟು ಸೇರಿದರೆ ಎಂಟು-ಹತ್ತು ಕೆ.ಜಿ. ಆಗುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವುದೇ 15 ಕೆ.ಜಿ., ಕೈಚೀಲಕ್ಕೆ 7. ವಾಪಸ್ ಬರುವಾಗ ಸೂಟು ಒದ್ದೆ ಇದ್ದರೆ ತೂಕ ಇನ್ನೂ ಜಾಸ್ತಿ. ಸ್ವಂತ ರೆಗ್ಯುಲೇಟರ್ ಇದ್ದವರು ಅದನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಲಿ.

ಮಾಸ್ಕ್ ಮಾತ್ರ ಯಾಕೆ ಸ್ವಂತದ್ದು ಅಂದರೆ, ಒಬ್ಬರ ಮುಖಕ್ಕೆ ಕೂತದ್ದು ಇನ್ನೊಬ್ಬರಿಗೆ ಕೂರುವುದಿಲ್ಲ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದುಕೊಂಡು ಕೈ ಬಿಡಿ. ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮದು. ದಪ್ಪ ಮೀಸೆಯವರಿಗೆ ಮೂಗಿನ ಕೆಳಗಿಂದ ನೀರು ಜಿನುಗುತ್ತದೆ, ಆದರೆ ಹೆದರಬೇಡಿ, ಮೂಗಿನ ಬುಡದಲ್ಲಿ ಒಂದು ಗೆರೆಯಷ್ಟು ತೆಗೆಸಿದರೆ ಸಾಕು, ಪೂರ್ತಿ ಬೋಳಿಸಿ ಮನೆಯಲ್ಲಿ ಬೈಸಿಕೊಳ್ಳಬೇಕಿಲ್ಲ. ಕನ್ನಡಕ ಹಾಕುವವರಿಗೆ ಪವರ್ ಗಾಜಿನ ಮಾಸ್ಕ್ ಸಿಗುತ್ತದೆ. ಹೊಸ ಮಾಸ್ಕ್ ನೀರಲ್ಲಿ ಮಂಜು ಹಿಡಿಯುತ್ತದೆ, ಗಾಜಿನ ಮೇಲೆ ಫ್ಯಾಕ್ಟರಿಯ ತೆಳು ಪದರ ಇರುತ್ತದೆ. ಹೊರಡುವ ಮೊದಲೇ ಒಳಗಡೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಆಮೇಲೆ ಪ್ರತಿ ಸಲ ಇಳಿಯುವ ಮುಂಚೆ ಒಂದು ಹನಿ ಬೇಬಿ ಶಾಂಪೂ ಸವರಿ ನೀರಲ್ಲಿ ಅದ್ದಿದರೆ ಆಯಿತು.

ದಪ್ಪ ಸೂಟೂ ಬೇಡ. ಅಲ್ಲಿನ ಸಮುದ್ರ 27ರಿಂದ 30 ಡಿಗ್ರಿ ಬೆಚ್ಚಗಿರುತ್ತದೆ, 3 ಮಿ.ಮೀ. ಸೂಟು ಸಾಕು. ಬಿಸಿಲಿಗೆ, ಜೆಲ್ಲಿ ಮೀನಿಗೆ ತುಂಬು ತೋಳಿನ ತೆಳು ಈಜು ಅಂಗಿ ಒಂದಿರಲಿ. ಪವರ್ ಬ್ಯಾಂಕ್, ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ಡೈವಿಂಗ್ ಚಾಕು ಇದ್ದರೆ ಉಲ್ಟಾ, ಅದು ಚೆಕ್-ಇನ್‌ಗೆ ಹೋಗಬೇಕು.

ಬ್ಯಾಗಿಗಿಂತ ಮುಂಚೆ ಆಗಬೇಕಾದ ಕೆಲಸವೂ ಒಂದಿದೆ. ನೀರಿಗಿಳಿಯುವ ಮೊದಲು ಆರೋಗ್ಯದ ಫಾರಂ ತುಂಬಿಸುತ್ತಾರೆ. ಅಸ್ತಮಾ, ಕಿವಿ ತೊಂದರೆ, ಹೃದಯದ ತೊಂದರೆಯಂಥವಕ್ಕೆ ಹೌದು ಅಂತ ಬರೆದರೆ ಡಾಕ್ಟರ್ ಸಹಿ ಕೇಳುತ್ತಾರೆ. ಹ್ಯಾವ್ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಬೆಳಿಗ್ಗೆ ಬೋಟು ಹತ್ತುವ ಹೊತ್ತಿಗೆ ಡಾಕ್ಟರ್ ಎಲ್ಲಿ ಹುಡುಕುತ್ತೀರಿ? ನಮ್ಮದು ಎರಡು ಮೆಡಿಕಲ್ ಕಾಲೇಜು ಇರುವ ಊರು. ಇಲ್ಲೇ ತೋರಿಸಿ ಕಾಗದ ತೆಗೆದುಕೊಳ್ಳಿ. ಸುಳ್ಳು ಬರೆದು ಇಳಿಯುವ ಹುಚ್ಚು ಮಾತ್ರ ಬೇಡ.

ಟಿಕೆಟ್ ಬುಕ್ ಮಾಡುವವರು ಇದನ್ನೂ ಗಮನಿಸಲಿ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಮಾಡಿದ್ದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಡೈವ್ ಮಾಡುವಾಗ ಮೈಯಲ್ಲಿ ಕರಗಿದ ನೈಟ್ರೋಜನ್, ವಿಮಾನ ಮೇಲೇರಿದಾಗ ಗುಳ್ಳೆಯಾಗಿ ಕಾಟ ಕೊಡಬಹುದು. ಕೊನೆಯ ದಿನ ಖಾಲಿ ಇಟ್ಟುಕೊಂಡರೆ ಸಾಮಾನೆಲ್ಲ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸೋಕೂ ಆಗುತ್ತದೆ. ನೆನಪಿಗೆ ಅಂತ ಹವಳದ ಚೂರು ಬ್ಯಾಗಿಗೆ ಹಾಕಬೇಡಿ, ಕಾನೂನಿನಲ್ಲಿ ಅಪರಾಧ.

ಮುಂದಿನ ಸಲ ಹೋಟೆಲ್ ರೇಟಿನ ಪಕ್ಕದಲ್ಲಿ ಇದಕ್ಕೂ ಸ್ವಲ್ಪ ಜಾಗ ಕೊಡಿ ಸಾರ್. ಹಾಗೇ ನಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಬಗ್ಗೆಯೂ ಬರೆಸಿ. ಮಳೆಗಾಲ ಬಿಟ್ಟು ಮುರುಡೇಶ್ವರದವರೆಗೆ ಬಸ್ಸಿನಲ್ಲೇ ಹೋಗಿ, ಅಲ್ಲಿಂದ ಬೋಟಿನಲ್ಲಿ ಹೋಗಿ ಡೈವ್ ಮಾಡಬಹುದು, ಬ್ಯಾಗ್ ತೂಕ ಮಾಡುವವರು ಯಾರೂ ಇರುವುದಿಲ್ಲ.

– ಓದುಗ, ಪಿ.ಜೆ. ಬಡಾವಣೆ, ದಾವಣಗೆರೆ