ಕಾಣಿಕೆ ಚೀಲ ಒಬ್ಬರ ಕೈಯಲ್ಲಿ ಬೇಡ

ಮಾನ್ಯರೇ,

ಹಣದಾಸೆಯೇ ಕೆಡುಕಿನ ಬೇರು ಎಂದು ಅಪೊಸ್ತಲ ಪೌಲನು ತನ್ನ ಸಹಸೇವಕ ತಿಮೊಥೆಯನಿಗೆ ಬೈಬಲ್ಲಿನ ಮೊದಲ ಪತ್ರಿಕೆಯಲ್ಲಿ ಬರೆದದ್ದನ್ನು ಚರ್ಚುಗಳಲ್ಲಿ ಭಕ್ತರಿಗೆ ಮತ್ತೆ ಮತ್ತೆ ಬೋಧಿಸುತ್ತಾರೆ. ಅದೇ ಪತ್ರಿಕೆಯ 3ನೇ ಅಧ್ಯಾಯದಲ್ಲಿ, ಸಭೆ ನಡೆಸುವವನಿಗೇ ಹಣದಾಸೆ ಇರಬಾರದು ಎಂದಿದೆ. ಈ ಮಾತು ಅಷ್ಟಾಗಿ ಕೇಳಿಬರುವುದಿಲ್ಲ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನನ್ನು ನಾವು ಅದಕ್ಕೆ ಪಡೆದ 30 ಬೆಳ್ಳಿ ನಾಣ್ಯಕ್ಕೆ ನೆನೆಯುತ್ತೇವೆ. ಆದರೆ ಅದಕ್ಕೂ ಮೊದಲೇ ಅವನು ಶಿಷ್ಯರ ಹಣದ ಚೀಲಕ್ಕೆ ಕೈಹಾಕುತ್ತಿದ್ದ ಎನ್ನುತ್ತದೆ ಯೋಹಾನನ ಸುವಾರ್ತೆ. ಅದೂ ಬಡವರ ಹೆಸರೆತ್ತಿಕೊಂಡು! ಯೇಸುವಿನ ಪಾದಕ್ಕೆ ಹಚ್ಚಿದ 300 ದಿನಾರಿ ನಾಣ್ಯ ಬೆಲೆಯ ತೈಲ ಮಾರಿ ಬಡವರಿಗೆ ಹಂಚಬಹುದಿತ್ತಲ್ಲ ಎಂದವನು ಅವನೇ. ಹೆಚ್ಚುಕಡಿಮೆ ಕೂಲಿಯವನೊಬ್ಬನ ವರ್ಷದ ದುಡಿಮೆ ಅದು. ಹಣದ ಮೋಹ ಹೀಗೆ ಸೇವೆಯ ಮಾತಾಡುತ್ತಲೇ ಒಳಗೆ ಬೆಳೆಯುತ್ತದೆ. ಒಳಗಿನ ಎಚ್ಚರ ಸತ್ತದ್ದು ಆ ಮೋಹಕ್ಕೆ ಬಿದ್ದವನಿಗೂ ತಿಳಿಯುವುದಿಲ್ಲ, ಅದೇ ದೊಡ್ಡ ಅಪಾಯ.

ಈಗ 'ಸಾವಿರ ಬಿತ್ತಿ, ಲಕ್ಷ ಕೊಯ್ಯಿರಿ', ಅಂದರೆ ಕಾಣಿಕೆ ಕೊಟ್ಟರೆ ದೇವರು ಹಲವು ಪಟ್ಟು ಮರಳಿಸುತ್ತಾನೆ ಎಂಬ ಬೋಧನೆ ನೋಡಿ. ಅದಕ್ಕೆ ಆಧಾರವಾಗಿ ತೋರಿಸುವುದು ಕೊರಿಂಥದವರಿಗೆ ಬರೆದ 2ನೇ ಪತ್ರಿಕೆಯ 9ನೇ ಅಧ್ಯಾಯವನ್ನು. ಪೌಲ ಅಲ್ಲಿ ಕೇಳುತ್ತಿದ್ದದ್ದು ಯೆರೂಸಲೇಮಿನ ಬಡವರಿಗಾಗಿ, ತನಗಾಗಿ ಅಲ್ಲ. ಹಿಂದಿನ 8ನೇ ಅಧ್ಯಾಯದಲ್ಲಿ ಆ ಹಣದ ಕೆಲಸಕ್ಕೆ ತನ್ನ ಜೊತೆಗಾರ ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳುಹಿಸುತ್ತಾನೆ. ಕರ್ತನ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಲೆಕ್ಕ ಚೊಕ್ಕವಾಗಿರಬೇಕು ಎನ್ನುವುದು ಅವನ ಕಾರಣ. 9ನ್ನು ಓದಿ 8ನ್ನು ಬಿಡುವುದು ಅನ್ಯಾಯ.

ಬೆಂಗಳೂರಿನ ಹಳೆಯ ಚರ್ಚುಗಳಿರಲಿ, ಲಿಂಗರಾಜಪುರ, ಕೆ.ಆರ್. ಪುರದ ಕಡೆ ಬಾಡಿಗೆ ಮಹಡಿಗಳಲ್ಲಿ ಸೇರುವ ಸಣ್ಣ ಸಭೆಗಳಿರಲಿ, ಕೆಲಸ ಒಂದೇ. ಆರಾಧನೆ ಮುಗಿದ ಕೂಡಲೇ, ಅಲ್ಲೇ, ಸಂಬಂಧಿಕರಲ್ಲದ ಇಬ್ಬರು ಕಾಣಿಕೆ ಎಣಿಸಲಿ. ಸಭಾಪಾಲಕರಾಗಲಿ ಅವರ ಮನೆಯವರಾಗಲಿ ಎಣಿಸುವುದು ಬೇಡ. 500ರ ನೋಟೆಷ್ಟು, 100ರದ್ದೆಷ್ಟು, ಚಿಲ್ಲರೆ ಎಷ್ಟು ಎಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಹಣ ಎಣಿಸಿದವರು ನಗದು ಪುಸ್ತಕ ಬರೆಯಬಾರದು. ಮರುದಿನ ಪೂರ್ತಿ ಮೊತ್ತ ಬ್ಯಾಂಕಿಗೆ ಹೋಗಬೇಕು. ಎಡವುವುದು ಹೆಚ್ಚಾಗಿ ಇಲ್ಲೇ. ಹೂವಿಗೆ, ಕರೆಂಟ್ ಬಿಲ್ಲಿಗೆ, ಅತಿಥಿ ಬೋಧಕರ ಆಟೋಗೆ ಎಂದು ಚೀಲದಿಂದಲೇ ತೆಗೆದು ಮಿಕ್ಕದ್ದನ್ನು ಕಟ್ಟುತ್ತಾರೆ. ಆಮೇಲೆ ಎಣಿಕೆ ಹಾಳೆಗೂ ಬ್ಯಾಂಕ್ ಚಲನ್‌ಗೂ ತಾಳೆಯಾಗುವುದೇ ಇಲ್ಲ, ಕದ್ದವರು ಯಾರು, ಮರೆತವರು ಯಾರು ಎಂದು ಬೇರ್ಪಡಿಸಲೂ ಆಗುವುದಿಲ್ಲ. ಸಣ್ಣ ಖರ್ಚಿಗೆ ಬೇರೆ ಹಣ ಇಟ್ಟು ವೋಚರ್ ಬರೆಯಿರಿ.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಭೆಯ ಅಥವಾ ಟ್ರಸ್ಟಿನ ಹೆಸರು ಬರಬೇಕು. ಯಾರದೋ ಸ್ವಂತ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ, ಕೇಳಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಕೂಗಿದ ಮೊತ್ತವನ್ನೂ ಅಂದೇ ಬರೆದು, ಪಾವತಿಯಾದಾಗ ರಸೀದಿ ಕೊಡಿ, ಬಾಕಿ ಉಳಿದದ್ದನ್ನು ಲೆಕ್ಕದಲ್ಲಿ ತೋರಿಸಿ.

ವಾರ್ಷಿಕ ಸಭೆಯಲ್ಲಿ ಎಣಿಕೆ ಹಾಳೆಗಳನ್ನು ಮೇಜಿನ ಮೇಲಿಡಿ ಎಂದು ಕೇಳುವ ಹಕ್ಕು ಕಾಣಿಕೆ ಕೊಟ್ಟ ಪ್ರತಿಯೊಬ್ಬರಿಗೂ ಇದೆ. ಹಾಗೆ ಕೇಳಿದವರನ್ನು ವಿಶ್ವಾಸ ಕಡಿಮೆಯಾದವರು ಎಂದು ಜರೆಯುವುದನ್ನು ಹಿರಿಯರು ದಯವಿಟ್ಟು ನಿಲ್ಲಿಸಬೇಕು.

– ಚರ್ಚ್ ಲೆಕ್ಕಪತ್ರ ನೋಡುವ ಸದಸ್ಯರು, ಬೆಂಗಳೂರು