ಪೂಸಾಕ್ಕೆ ದಾರಿ ತೋರಿದ ಹಿರಿಯರಿಗೆ

ಮೇ ತಿಂಗಳಲ್ಲಿ, ಕೃಷಿ ಸಂಶೋಧನಾ ಸಂಸ್ಥೆಯಿರುವ ದೆಹಲಿಯ ಪೂಸಾದ ಸಮ್ಮೇಳನಕ್ಕೆಂದು ಬಂದು, ಕರ್ನಾಟಕ ಎಕ್ಸ್‌ಪ್ರೆಸ್ ಇಳಿದು ನವದೆಹಲಿಯ ಪಹಾಡ್‌ಗಂಜ್ ಬಾಗಿಲಲ್ಲಿ ನಿಂತಿದ್ದವಳನ್ನು ಕನ್ನಡದಲ್ಲಿ ಮಾತನಾಡಿಸಿದ ಹಿರಿಯರೇ, ನಿಮಗೆ ಶರಣು. ಹೆಸರು ಕೇಳಿದರೆ, ‘ಸಿಂಧನೂರು ಕಡೆಯವನು ಎಂದೆನಲ್ಲ, ಸಾಕು’ ಎಂದು ನಕ್ಕುಬಿಟ್ಟಿರಿ.

ರಾಯಚೂರಿನವಳಿಗೆ ಬಿಸಿಲು ಹೊಸದಲ್ಲ. ದೆಹಲಿಯ ‘ಲೂ’ ಗಾಳಿ ಮಾತ್ರ ಬೇರೆಯೇ ಜಾತಿಯದು, ಒಲೆಯ ಬಾಯಿಗೆ ಮುಖ ಕೊಟ್ಟಂತೆ. ಬೆನ್ನಿಗೆ ಚೀಲ, ಕೈಯಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು (ಉಪ್ಪೇರಿದ, ನೀರು ನಿಂತ) ಭೂಮಿಯ ಕುರಿತ ಪೋಸ್ಟರ್ ಸುರುಳಿ, ಸುತ್ತ ಬಾಯಿಗೆ ಬಂದ ಬಾಡಿಗೆ ಹೇಳುವ ಆಟೋದವರು. ‘ಮೆಟ್ರೊ ಇರುವುದು ಅಜ್ಮೇರಿ ಗೇಟ್ ಕಡೆ’ ಎಂದಷ್ಟೇ ಹೇಳಿ ನೀವು ಹೋಗಬಹುದಿತ್ತು. ಹೋಗಲಿಲ್ಲ. ಮೇಲ್ಸೇತುವೆ ದಾಟಿಸಿ, ಹಳದಿ ಮಾರ್ಗದಲ್ಲಿ ಒಂದು ನಿಲ್ದಾಣ ಜೊತೆಗೆ ಬಂದು, ರಾಜೀವ್ ಚೌಕದ ಆ ಜನಜಂಗುಳಿಯಲ್ಲಿ ದ್ವಾರಕಾ ಕಡೆಯ ನೀಲಿ ಮಾರ್ಗದ ರೈಲು ಹತ್ತಿಸಿದಿರಿ. ‘ರಾಜೇಂದ್ರ ಪ್ಲೇಸ್‌ನಲ್ಲಿ ಇಳಿ ತಂಗಿ, ಅಲ್ಲಿಂದ ಪೂಸಾ ಹತ್ತಿರ. ನೀರು ಕುಡಿಯುತ್ತಿರು.’

ಸಮ್ಮೇಳನದ ಸಭಾಂಗಣ ತಂಪಾಗಿತ್ತು, ಭಾಷಣಗಳು ಉದ್ದವಾಗಿದ್ದವು, ಅದಿರಲಿ. ಕಾಲುವೆಯ ಮೇಲ್ಭಾಗದಲ್ಲಿ ನೀರು ನಿಂತು ಭೂಮಿ ಸವಳಾಗುವುದು, ಕೊನೆಯ ರೈತನಿಗೆ ನೀರೇ ತಲುಪದಿರುವುದು, ಈ ನಮ್ಮ ಗೋಳನ್ನು ಹರಿಯಾಣದವರು ಪೋಸ್ಟರ್ ಮುಂದೆ ನಿಂತು ಬಹಳ ಹೊತ್ತು ಕೇಳಿದರು. ಅವರಲ್ಲೂ ಸವಳು ಭೂಮಿ ಇದೆ. ಆ ವೇಳೆಗೆ ನಾನು ಅಲ್ಲಿದ್ದದ್ದು ನಿಮ್ಮಿಂದ.

ಊರಿಗೆ ಬಂದಾಗ ರಾಯಚೂರಿನಲ್ಲಿ ಇಳಿಯಿರಿ. ಜೋಳದ ರೊಟ್ಟಿ, ಪುಂಡಿಪಲ್ಯದ ಊಟ ನಮ್ಮ ಮನೆಯಲ್ಲೇ.