ಗೇಮ್ ಜರ್ಕ್ ಹೊಡೆದರೆ ಕಾರ್ಡ್ ಬದಲಿಸುವ ಮೊದಲು ಕಾರಣ ಹುಡುಕಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟವನ್ನು ನಾನು ಬಿಡದೆ ಓದುತ್ತೇನೆ. ಹೊಸ ಮೊಬೈಲ್ ಬಂತು, ಕ್ಯಾಮೆರಾ ಹೀಗಿದೆ, ಬೆಲೆ ಇಷ್ಟು ಅಂತ ಚೆನ್ನಾಗಿಯೇ ಬರೆಯುತ್ತೀರಿ. ಆದರೆ ಮನೆಯಲ್ಲಿ ಈಗಾಗಲೇ ಇರುವ ಕಂಪ್ಯೂಟರ್ ಸರಿಯಾಗಿ ನಡೆಯದಿದ್ದರೆ ಏನೇನು ನೋಡಬೇಕು ಅನ್ನೋದು ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಅದು ಗೊತ್ತಿಲ್ಲದೆ ನಮ್ಮ ಮನೆಯಲ್ಲಿ 22,000 ರೂಪಾಯಿ ಸುಮ್ನೆ ಹೋಗುವುದರಲ್ಲಿತ್ತು. ಅದಕ್ಕೇ ಈ ಪತ್ರ.

ನನ್ನ ತಮ್ಮ ಡಿಗ್ರಿ ಓದುತ್ತಿದ್ದಾನೆ. ಮನೆಯ ಡೆಸ್ಕ್‌ಟಾಪ್ ನಾವಿಬ್ಬರೂ ದುಡ್ಡು ಹಾಕಿ ಜೋಡಿಸಿಕೊಂಡಿದ್ದು. ರೈಜೆನ್ 5 3600 ಪ್ರೊಸೆಸರ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ (ಗೇಮಿನ ಚಿತ್ರ ಬಿಡಿಸುವುದು ಇದೇ), 8 ಜಿಬಿ ರ‍್ಯಾಮ್. ಹಗಲು ನಾನು ಅದರಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ, ರಾತ್ರಿ ಅವನು ಗೇಮ್ ಆಡುತ್ತಾನೆ. ಕೆಲವು ತಿಂಗಳಿಂದ ಜಿಟಿಎ 5 ಆಡುವಾಗ ಜೋರಾಗಿ ಕಾರು ಓಡಿಸಿಕೊಂಡು ಹೋದರೆ ಸಾಕು, ಪರದೆ ತಡೆತಡೆದು ಹೋಗುತ್ತಿತ್ತು. ಡ್ರೈವರ್ ಕ್ಲಚ್ ಸರಿಯಾಗಿ ಬಿಡದಿದ್ದಾಗ ಬಸ್ಸು ಹೊಡೆಯುತ್ತದಲ್ಲ, ಅದೇ ಥರದ ಜರ್ಕ್. ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬರ ಹತ್ತಿರ ಒಯ್ದೆವು. ಅವರು ಆನ್ ಕೂಡ ಮಾಡಲಿಲ್ಲ. "ಕಾರ್ಡ್ ವೀಕು, ಬದಲಿಸಿ" ಅಂದು ಹೊಸ ಕಾರ್ಡಿನ ರೇಟ್ ಬರೆದುಕೊಟ್ಟರು. ಇನ್ನೊಬ್ಬರು ಫಾರ್ಮ್ಯಾಟ್ ಮಾಡಿ 500 ರೂಪಾಯಿ ತಗೊಂಡರು. ಎರಡು ದಿನ ಪರವಾಗಿಲ್ಲ ಅನಿಸಿತು, ಮೂರನೇ ದಿನ ಮತ್ತೆ ಅದೇ ಕಥೆ.

ನನಗೆ ಕಾಡಿದ ಪ್ರಶ್ನೆ ಒಂದೇ. ಪರದೆಯ ಮೂಲೆಯಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಅನ್ನುವ ಎಫ್‌ಪಿಎಸ್ 60 ಅಂತಲೇ ತೋರಿಸುತ್ತಿದೆ. 60 ಅಂದರೆ ಚೆನ್ನಾಗಿರಬೇಕು ಅಲ್ವಾ? ಹಾಗಾದರೆ ಕಣ್ಣಿಗೆ ಯಾಕೆ ತಡೆದ ಹಾಗೆ ಕಾಣುತ್ತದೆ?

ಉತ್ತರ ಬಸ್ ಸ್ಟಾಪಿನಲ್ಲಿ ನಿಂತವರಿಗೆಲ್ಲ ಗೊತ್ತಿರುವುದೇ. ಗಂಟೆಗೆ ಆರು ಬಸ್ಸು ಅಂತ ಬೋರ್ಡಿನಲ್ಲಿ ಬರೆದಿರುತ್ತದೆ. ಆ ಆರೂ ಬಸ್ಸು ಒಂದರ ಹಿಂದೆ ಒಂದು ಬಂದು ಹೋದರೆ ಲೆಕ್ಕ ಸರಿಯೇ, ಆದರೆ ಸ್ಟಾಪಿನಲ್ಲಿ ನಿಂತವನು ಮುಕ್ಕಾಲು ಗಂಟೆ ಕಾದಿರುತ್ತಾನೆ. ಗೇಮಿನಲ್ಲೂ ಹೀಗೇ. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದೊಂದು ಚಿತ್ರವೂ ಸುಮಾರು 16.7 ಮಿಲಿಸೆಕೆಂಡಿಗೆ ಒಂದರಂತೆ ಬರಬೇಕು. 59 ಚಿತ್ರ ಬೇಗ ಬೇಗ ಬಂದು, ಒಂದು ಮಾತ್ರ 100 ಮಿಲಿಸೆಕೆಂಡ್ ತಡವಾದರೂ ಸರಾಸರಿ 60ರ ಹತ್ತಿರವೇ ಇರುತ್ತದೆ. ಕಣ್ಣಿಗೆ ಹೊಡೆಯುವುದು ಆ ಒಂದು. ಹಾರ್ಡ್‌ವೇರ್ ಪರೀಕ್ಷೆ ಮಾಡುವವರೂ ತುಂಬಾ ವರ್ಷ ಸರಾಸರಿಯನ್ನೇ ನಂಬಿಕೊಂಡಿದ್ದರು. 2011ರಲ್ಲಿ ಅಮೆರಿಕದ ವೆಬ್‌ಸೈಟ್ ದಿ ಟೆಕ್ ರಿಪೋರ್ಟ್‌ನ ಸ್ಕಾಟ್ ವಾಸನ್ ಒಂದೊಂದು ಚಿತ್ರಕ್ಕೂ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದು ತೋರಿಸಿದ ಮೇಲೆ ಆ ಲೆಕ್ಕ ಮೆಲ್ಲಗೆ ರೂಢಿಗೆ ಬಂತು. ಅದಕ್ಕೆ ಫ್ರೇಮ್ ಟೈಮ್ ಅನ್ನುತ್ತಾರೆ.

ಅದನ್ನು ನೋಡಲು ದುಡ್ಡು ಕೊಡಬೇಕಾಗಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಉಚಿತ ತಂತ್ರಾಂಶ ಹಾಕಿಕೊಂಡರೆ ಅದರ ಜೊತೆಗೇ ರಿವಾಟ್ಯೂನರ್ ಬರುತ್ತದೆ. ಗೇಮ್ ನಡೆಯುವಾಗಲೇ ಪರದೆಯ ಮೇಲೆ ಫ್ರೇಮ್ ಟೈಮಿನ ಗೆರೆ, ರ‍್ಯಾಮ್ ಎಷ್ಟು ತುಂಬಿದೆ, ಕಾರ್ಡಿನ ಮೆಮೊರಿ ಎಷ್ಟು, ಪ್ರೊಸೆಸರ್ ಬಿಸಿ ಎಷ್ಟು, ಎಲ್ಲ ಕಾಣುತ್ತದೆ. ಒಂದು ಭಾನುವಾರ ಸಂಜೆ ತಮ್ಮ ಆಡುತ್ತಾ ಕೂತ, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಆ ಗೆರೆ ಒಂದನ್ನೇ ನೋಡುತ್ತಾ ಕೂತೆ. ಮಟ್ಟಸವಾಗಿ ಹೋಗುತ್ತಿದ್ದ ಗೆರೆ ಜರ್ಕ್ ಹೊಡೆದಾಗಲೆಲ್ಲ ಮೊಳೆ ನಿಲ್ಲಿಸಿದ ಹಾಗೆ ಚಕ್ಕನೆ ಮೇಲೆದ್ದು ಇಳಿಯುತ್ತಿತ್ತು. ಆ ಹೊತ್ತಿಗೆ ಕಾರ್ಡ್ ನೂರಕ್ಕೆ ಅರವತ್ತರಷ್ಟು ಕೂಡ ಕೆಲಸ ಮಾಡುತ್ತಿರಲಿಲ್ಲ. ಕಾರ್ಡ್ ವೀಕಾಗಿದ್ದರೆ ಅದು ನೂರಕ್ಕೆ ನೂರು ದುಡಿಯುತ್ತಾ ಏದುಸಿರು ಬಿಡಬೇಕಿತ್ತು. ರ‍್ಯಾಮ್ ನೋಡಿದರೆ 8 ಜಿಬಿಯಲ್ಲಿ 7.6 ತುಂಬಿಹೋಗಿತ್ತು. ಹಿಂದೆ ಕ್ರೋಮ್ ತೆರೆದಿದ್ದ, ಡಿಸ್ಕಾರ್ಡ್ ತೆರೆದಿದ್ದ, ನನ್ನ ಡಿಟಿಪಿ ಫೈಲೂ ಮುಚ್ಚಿರಲಿಲ್ಲ.

ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ ಪುಟ ನೋಡಿದೆವು. ಸ್ಪೀಡ್ 2400 ಅಂತಿತ್ತು. ನಾವು ತಂದಿದ್ದು 3200ರ ರ‍್ಯಾಮ್. ನಾಲ್ಕು ಸ್ಲಾಟಿನಲ್ಲಿ ಒಂದೇ ಒಂದು ಬಳಕೆಯಲ್ಲಿತ್ತು. ಅಂದರೆ ರ‍್ಯಾಮ್ ತುಂಬಿದ್ದಲ್ಲದೆ ಇನ್ನೂ ಎರಡು ತಪ್ಪು ಸೇರಿಕೊಂಡಿದ್ದವು. ರ‍್ಯಾಮಿನ ಒಂದೇ ಸ್ಟಿಕ್ ಹಾಕಿದರೆ ಪ್ರೊಸೆಸರ್ ಜೊತೆ ಮಾತಾಡುವ ದಾರಿ ಅರ್ಧಕ್ಕೆ ಇಳಿಯುತ್ತದೆ. ಎರಡು ಪಥದ ರಸ್ತೆಯಲ್ಲಿ ಒಂದನ್ನು ಮುಚ್ಚಿದ ಹಾಗೆ. ಇನ್ನು ಡಬ್ಬದ ಮೇಲೆ ಬರೆದ ವೇಗ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ, ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅನ್ನೋದನ್ನು ಆನ್ ಮಾಡಬೇಕು. ಕಂಪ್ಯೂಟರ್ ಜೋಡಿಸಿ ಕೊಟ್ಟವರು ಅದನ್ನು ಮಾಡಿಯೇ ಇರಲಿಲ್ಲ. ಅಷ್ಟು ದಿನ ನಾವು ದುಡ್ಡು ಕೊಟ್ಟ ವೇಗವನ್ನು ಬಳಸಿಯೇ ಇರಲಿಲ್ಲ ಅಂತ ಗೊತ್ತಾದಾಗ ನಿಜಕ್ಕೂ ಬೇಜಾರಾಯಿತು.

ತಕ್ಷಣ ಅಂಗಡಿಗೆ ಓಡಲಿಲ್ಲ. ತಮ್ಮನ ಸ್ನೇಹಿತನ ಹತ್ತಿರ ಅದೇ 3200ರ 8 ಜಿಬಿ ಸ್ಟಿಕ್ ಒಂದಿತ್ತು, ಒಂದು ರಾತ್ರಿಗೆ ತಂದು ಹಾಕಿ ನೋಡಿದೆವು. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದೇ ಜಾಗ, ಪಕ್ಕಪಕ್ಕದಲ್ಲಿ ಹಾಕಿದರೆ ಎರಡು ಸ್ಟಿಕ್ ಇದ್ದೂ ಪ್ರಯೋಜನವಾಗದೆ ಹೋಗಬಹುದು. ಗೆರೆಯಲ್ಲಿ ಆ ಮೊಳೆಗಳು ಹೆಚ್ಚುಕಡಿಮೆ ಮಾಯವಾದವು. ಮರುದಿನ ನಮ್ಮದೇ ಒಂದು ಸ್ಟಿಕ್ ತಂದೆವು. ಕಾರ್ಡಿಗೆ ಹೇಳಿದ್ದ ರೇಟಿನ ಮುಂದೆ ಅದು ಏನೂ ಅಲ್ಲ.

ಇಲ್ಲಿಗೇ ಮುಗಿಯಲಿಲ್ಲ. ಇನ್ನೊಂದು ವಿಚಿತ್ರ ತೊಂದರೆ ಉಳಿದಿತ್ತು. ದಿನಕ್ಕೆ ಒಂದೋ ಎರಡೋ ಸಲ ಇಡೀ ಕಂಪ್ಯೂಟರ್ ಒಂದು ಕ್ಷಣ ನಿಂತು, ಸ್ಪೀಕರಿನಲ್ಲಿ ದನಿ ಗರ್‌ರ್ ಅಂತ ಎಳೆದು, ಮತ್ತೆ ಸರಿಯಾಗುತ್ತಿತ್ತು. ಗೇಮ್ ಇಲ್ಲದೆ ನಾನು ಹಾಡು ಕೇಳುತ್ತಾ ಪುಟ ಕಟ್ಟುವಾಗಲೂ ಹಾಗೇ ಆಗುತ್ತಿತ್ತು. ಈ ದನಿಯೇ ಸುಳಿವು ಕೊಟ್ಟಿದ್ದು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕೇ ಬೇಕು, ಹಾಗಾಗಿ ತುಂಬಾ ಜನ ಬಯಾಸ್‌ನಲ್ಲಿ ಎಫ್‌ಟಿಪಿಎಂ (ಪ್ರೊಸೆಸರಿನಲ್ಲೇ ಇರುವ ಟಿಪಿಎಂ) ಆನ್ ಮಾಡಿಕೊಂಡರು, ನಾವೂ ಮಾಡಿದ್ದೆವು. ಕೆಲವು ರೈಜೆನ್ ಕಂಪ್ಯೂಟರುಗಳಲ್ಲಿ ಈ ಎಫ್‌ಟಿಪಿಎಂ, ಮದರ್‌ಬೋರ್ಡಿನ ಮೇಲಿರುವ ಪುಟ್ಟ ಫ್ಲ್ಯಾಶ್ ಚಿಪ್ಪಿನ ಜೊತೆ ವ್ಯವಹಾರ ಮಾಡುವಾಗ ಉಳಿದೆಲ್ಲ ಕೆಲಸ ಕಾದು ನಿಲ್ಲುತ್ತದೆ. ರೈಜೆನ್ ತಯಾರಿಸುವ ಎಎಂಡಿ ಕಂಪನಿಯೇ 2022ರ ಮಾರ್ಚ್‌ನಲ್ಲಿ ಇದನ್ನು ಒಪ್ಪಿಕೊಂಡು, ಮೇ ತಿಂಗಳಿಂದ ಹೊಸ ಬಯಾಸ್ ಬರುತ್ತದೆ ಅಂತ ಹೇಳಿತ್ತು. ನಮ್ಮ ಬೋರ್ಡಿನ ಬಯಾಸ್ ಅದಕ್ಕಿಂತ ಹಳೆಯದು. ಅಪ್‌ಡೇಟ್ ಮಾಡಿದ ಮೇಲೆ ಆ ಗರ್‌ರ್ ದನಿ ಒಂದು ಸಲವೂ ಕೇಳಿಲ್ಲ. ಎಷ್ಟು ದುಬಾರಿ ಕಾರ್ಡ್ ತಂದಿದ್ದರೂ ಇದು ಹೋಗುತ್ತಿರಲಿಲ್ಲ, ಯೋಚಿಸಿ.

ಬಯಾಸ್ ಅಪ್‌ಡೇಟ್ ಮಾಡುವವರಿಗೆ ಒಂದು ಮಾತು. ಯುಪಿಎಸ್ ಇಲ್ಲದೆ ಮಾಡಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿಕೊಂಡಿದ್ದರೆ ಅದರ ರಿಕವರಿ ಕೀ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಇದಾದ ಮೇಲೆ ತಮ್ಮನ ಸ್ನೇಹಿತರ ನಾಲ್ಕಾರು ಕಂಪ್ಯೂಟರ್ ನೋಡಿದೆವು. ಒಂದೊಂದರ ಕಾರಣವೂ ಬೇರೆ. ಒಬ್ಬನದು ಬರೀ ಧೂಳು. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಪ್ರೊಸೆಸರ್ 95 ಡಿಗ್ರಿ ಮುಟ್ಟಿ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಊದಿ ತೆಗೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಬೇಕು, ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗಬಹುದು. ಇನ್ನೊಬ್ಬನದು ಗೇಮಿನ ಟೆಕ್ಸ್‌ಚರ್ (ಚಿತ್ರದ ಮೇಲ್ಮೈ ವಿವರ) ಸೆಟ್ಟಿಂಗ್ ಅಲ್ಟ್ರಾದಲ್ಲಿಟ್ಟು 4 ಜಿಬಿ ಕಾರ್ಡಿನ ಮೆಮೊರಿ ತುಂಬಿ ತುಳುಕುತ್ತಿತ್ತು, ಒಂದು ಮೆಟ್ಟಿಲು ಇಳಿಸಿದರೆ ಮುಗಿಯಿತು. ಮತ್ತೊಬ್ಬನಿಗೆ ಕಂಪ್ಯೂಟರ್ ತೊಂದರೆಯೇ ಇರಲಿಲ್ಲ, ವೈಫೈ ಪಿಂಗ್ (ಗೇಮಿನ ಸರ್ವರ್‌ಗೆ ಹೋಗಿ ಬರುವ ಸಮಯ) ಏರಿ ವೆಲೊರಂಟ್‌ನಲ್ಲಿ ಎದುರಾಳಿಗಳು ಹಾರಿ ಹಾರಿ ಬರುತ್ತಿದ್ದರು. ಫ್ರೇಮ್ ಟೈಮಿನ ಗೆರೆ ಮಟ್ಟಸವಾಗಿದ್ದು ಆಟ ಮಾತ್ರ ಹಾರುತ್ತಿದ್ದರೆ ಅದು ನೆಟ್‌ವರ್ಕಿನದು.

ಕೆಲವು ಸಲ ತಪ್ಪು ಗೇಮ್ ಮಾಡಿದವರದ್ದೇ ಇರುತ್ತದೆ. ಹೊಸ ಜಾಗಕ್ಕೆ ಮೊದಲ ಸಲ ಹೋದಾಗ ಜರ್ಕ್, ಅದೇ ಜಾಗಕ್ಕೆ ಎರಡನೇ ಸಲ ಹೋದರೆ ಇಲ್ಲ ಅಂತಾದರೆ ಅದು ಸಾಮಾನ್ಯವಾಗಿ ಶೇಡರ್ (ಬೆಳಕು, ನೆರಳು ಬಿಡಿಸುವ ಪುಟ್ಟ ಪ್ರೋಗ್ರಾಮ್) ಆಡುವಾಗಲೇ ಕಂಪೈಲ್ ಆಗುವ, ಅಂದರೆ ಸಿದ್ಧವಾಗುವ ತೊಂದರೆ. 2022ರ ಫೆಬ್ರುವರಿಯಲ್ಲಿ ಎಲ್ಡನ್ ರಿಂಗ್ ಅನ್ನೋ ಗೇಮ್ ಬಂದಾಗ ಭಾರಿ ಕಂಪ್ಯೂಟರ್ ಇದ್ದವರಿಗೂ ತಡೆತಡೆದು ನಡೆಯಿತು. ಅಂಥ ಕಡೆ ಪ್ಯಾಚ್ ಬರುವವರೆಗೆ ಕಾಯಬೇಕು, ದುಡ್ಡು ಸುರಿದು ಉಪಯೋಗವಿಲ್ಲ.

ರಿಪೇರಿ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಹತ್ತಾರು ಕಂಪ್ಯೂಟರ್ ಬರುತ್ತವೆ, ಒಂದೊಂದನ್ನೂ ಅರ್ಧ ಗಂಟೆ ಆಡಿ ನೋಡುವುದು ಕಷ್ಟವೇ. ಅದಕ್ಕೆ ಪ್ರತ್ಯೇಕ ಚಾರ್ಜ್ ತಗೊಳ್ಳಲಿ, ನಾನಂತೂ ಸಂತೋಷವಾಗಿ ಕೊಡುತ್ತೇನೆ. ಆದರೆ ಸಾವಿರಾರು ರೂಪಾಯಿಯ ಭಾಗ ಬದಲಿಸಿ ಅನ್ನುವ ಮೊದಲು ಏನು ನೋಡಿದಿರಿ, ಎಲ್ಲಿ ತಪ್ಪಿದೆ ಅನ್ನೋದನ್ನು ಪರದೆಯ ಮೇಲೆ ತೋರಿಸಬೇಕು, ಬಿಲ್ಲಿನಲ್ಲಿ ಒಂದು ಸಾಲು ಬರೆಯಬೇಕು. ಸ್ಕೂಟರ್ ಮೆಕ್ಯಾನಿಕ್ ಕೂಡ ಸವೆದ ಬ್ರೇಕ್ ಶೂ ಬಿಚ್ಚಿ ಕೈಗೆ ಕೊಟ್ಟು ತೋರಿಸಿಯೇ ಹೊಸದು ಹಾಕುತ್ತಾನೆ ಅಲ್ವಾ?

ನಿಮ್ಮಲ್ಲಿ ಕೇಳುವುದು ಇಷ್ಟೇ. ತಂತ್ರಜ್ಞಾನ ಪುಟದಲ್ಲಿ ವಾರಕ್ಕೆ ಕಾಲು ಪುಟ ಸಾಕು, ಇಂಥ ವಿಷಯ ಕನ್ನಡದಲ್ಲಿ ಚಿತ್ರ ಸಮೇತ ಹಾಕಿ. ಮೊದಲ ವಾರಕ್ಕೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದ ಚಿತ್ರವನ್ನೇ ಹಾಕಬಹುದು. ಮೊನ್ನೆ ಎದುರು ಮನೆಯ ಹುಡುಗ ಹೊಸ ಕಾರ್ಡಿಗೆ ಅಪ್ಪನ ಹತ್ತಿರ ದುಡ್ಡು ಕೇಳುತ್ತಿದ್ದ. ಹೋಗಿ ನೋಡಿದರೆ ಮಾನಿಟರಿನ ಕೇಬಲನ್ನು ಈಗಾಗಲೇ ಇದ್ದ ಕಾರ್ಡಿಗೆ ಹಾಕಿರಲೇ ಇಲ್ಲ, ಮದರ್‌ಬೋರ್ಡಿಗೆ ಸಿಕ್ಕಿಸಿದ್ದ. ತೆಗೆದು ನಾಲ್ಕು ಇಂಚು ಕೆಳಗಿನ ಪೋರ್ಟಿಗೆ ಹಾಕಿ ಬಂದೆ.

ಇಂತಿ,
ನಿಮ್ಮ ಓದುಗ, ದಾವಣಗೆರೆ